ಒಂದು ‘ವಿ’ ಅಕ್ಷರ, ಆರು ಕುರಿ

ನನ್ನ ಮೊದಲ ವರ್ಷದ ಓದಿಗೆ ಆರು ಕುರಿ ಹೋದವು. ನಾಲ್ಕು ಹೆಣ್ಣು, ಎರಡು ಟಗರು. ನಮ್ಮ ಮನೆಯಲ್ಲಿ ದೊಡ್ಡ ಖರ್ಚನ್ನೆಲ್ಲ ಎಣಿಸುವುದು ಹೀಗೆಯೇ. ಅಕ್ಕನ ಮದುವೆ ಇಪ್ಪತ್ತೆರಡು ಕುರಿ. ಅಜ್ಜಿಯ ಕಣ್ಣಿನ ಆಪರೇಷನ್ ಎರಡು. ಬೋರ್ ಹಾಕಿಸಿ ನೀರು ಬಾರದೆ ಹೋದದ್ದು ಹದಿನೈದು ಕುರಿ, ಆ ಮಾತು ಎತ್ತಿದರೆ ಅಪ್ಪ ಇವತ್ತಿಗೂ ಎದ್ದು ಹೊರಗೆ ಹೋಗುತ್ತಾನೆ.

ಈಗ ನನ್ನ ಬಿ.ವಿ.ಎಸ್‌ಸಿ, ಅಂದರೆ ಪಶುವೈದ್ಯ ಪದವಿ, ಮುಗಿದಿದೆ, ಇಂಟರ್ನ್‌ಶಿಪ್ಪೂ ಆಯಿತು. ಅಕ್ಕಪಕ್ಕದ ತಾಲ್ಲೂಕುಗಳಿಂದ ಪಿಯುಸಿ ಮುಗಿಸಿದವರು ನಂಬರ್ ಹುಡುಕಿಕೊಂಡು ಫೋನ್ ಮಾಡುತ್ತಾರೆ. ಕೇಳುವುದು ಒಂದೇ. "ಅಕ್ಕ, ವೆಟರ್ನರಿಗೆ ಸ್ಕಾಲರ್‌ಶಿಪ್ ಬರುತ್ತಾ?" ಬರುತ್ತೆ. ಯಾವಾಗ ಬರುತ್ತೆ, ಬರುವವರೆಗೆ ಏನು ಮಾಡಬೇಕು ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ. ನನ್ನ ಕಾಲೇಜು ಯಾವುದು, ಯಾವ ಕಚೇರಿಯಲ್ಲಿ ಏನಾಯಿತು ಅನ್ನುವ ಹೆಸರುಗಳು ಬೇಡ. ಅಲ್ಲಿ ಕೂತಿದ್ದವರಲ್ಲಿ ಒಳ್ಳೆಯವರೂ ಇದ್ದರು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಗೊಲ್ಲರಹಟ್ಟಿ. ಕಾಡುಗೊಲ್ಲರು, ಮೀಸಲಾತಿಯಲ್ಲಿ ಪ್ರವರ್ಗ-1. ಎಂಬತ್ತು ಕುರಿ, ಒಂದಿಷ್ಟು ಮೇಕೆ, ತಾತನ ಕಾಲದ ಎರಡೂಕಾಲು ಎಕರೆ ಕೆಂಪು ಹೊಲ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಕುರಿ ಬಿಡುವ ಜಾಗ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮುಂಗಾರಿನ ಹೊಸ ಚಿಗುರು ಮೇಯ್ದ ಮರಿಗಳಿಗೆ ಕರುಳುಬೇನೆ ಬಿತ್ತು. ಸಂಜೆ ರೊಪ್ಪದಲ್ಲಿ ಕುಣಿದಾಡಿದ ಮರಿ ಬೆಳಗ್ಗೆ ಹೊಟ್ಟೆ ಉಬ್ಬಿ ಬಿದ್ದಿರುತ್ತಿತ್ತು. ನಾಲ್ಕು ದಿನಕ್ಕೆ ಹದಿನೇಳು ಮರಿ. ಐದನೇ ದಿನ ಡಾಕ್ಟರು ಬಂದರು. ಮಳೆಗೆ ಮುಂಚೆಯೇ ಲಸಿಕೆ ಹಾಕಿಸಬೇಕಿತ್ತು ಅಂದರು. "ಮುಂಚೆ ಯಾರು ಬಂದು ಹೇಳಬೇಕಿತ್ತು ಸಾರ್?" ಅಂತ ಅಪ್ಪ ಕೇಳಿದ. ಡಾಕ್ಟರು ಸುಮ್ಮನಾದರು. ಅವರೊಬ್ಬರ ತಲೆ ಮೇಲೆ ಎಷ್ಟು ಹಳ್ಳಿ ಇದ್ದವು ಅಂತ ಆಗ ನಮಗೇನು ಗೊತ್ತು. ಡಾಕ್ಟರ್ ಆಗಬೇಕು ಅಂತ ನನಗೆ ಅನ್ನಿಸಿದ್ದು ಅವತ್ತೇ ಅಂದರೆ ಸುಳ್ಳಾಗುತ್ತೆ. ಅವತ್ತು ನನಗೆ ಬರೀ ಭಯವಾಗಿತ್ತು, ನನ್ನ ಮರಿಯೂ ಅದರಲ್ಲಿತ್ತು.

2019ರ ಏಪ್ರಿಲ್ ಕೊನೆಯಲ್ಲಿ ಸಿಇಟಿ ಬರೆದೆ. ನನ್ನನ್ನ ಉಳಿಸಿದ್ದು ಎರಡು ಕಾಗದ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಮೀಸಲಾತಿ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮ ಮೀಸಲಾತಿ. ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರು ಬರೆದುಕೊಡಬೇಕು, ಮೇಲೆ ಬಿಇಒ ಸಹಿ ಹಾಕಬೇಕು. ನಾನು ಐದರವರೆಗೆ ಹಟ್ಟಿಯ ಶಾಲೆ, ಆಮೇಲೆ ಪಕ್ಕದೂರಿನ ಹೈಸ್ಕೂಲು, ಹಾಗಾಗಿ ಎರಡು ಕಡೆ ಓಡಾಟ. ಹಟ್ಟಿ ಶಾಲೆಯ ಮೇಷ್ಟ್ರು ವರ್ಗವಾಗಿ ಹೋಗಿದ್ದರು, ಹೊಸಬರಿಗೆ ನನ್ನ ಹೆಸರಿರುವ ಹಳೇ ದಾಖಲಾತಿ ಪುಸ್ತಕ ಹುಡುಕುವುದಕ್ಕೇ ಅರ್ಧ ದಿನ ಹಿಡಿಯಿತು. ಸಿಕ್ಕ ಪುಸ್ತಕದ ಮೂಲೆಯನ್ನ ಗೆದ್ದಲು ತಿಂದಿತ್ತು. ನನ್ನ ಸಾಲು ಉಳಿದಿತ್ತು. ಸೀಟು ಹಂಚಿಕೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘1ಆರ್’ ಅಂತ ಬಂತು. ಪ್ರವರ್ಗ-1, ಗ್ರಾಮೀಣ. ಆ ಎರಡು ಅಕ್ಷರ ನೋಡಿದ ಮೇಲೆ ಗೆದ್ದಲಿನ ಮೇಲೆ ನನಗೆ ಗೌರವ ಬಂದಿದೆ.

ಇನ್ನೊಂದು ದಾರಿಯೂ ಇತ್ತು. ರೈತರ ಮಕ್ಕಳಿಗೆ ಅಂತ ಕೃಷಿ ಕೋಟಾ ಇದೆ. ಅದಕ್ಕೆ ಬೇರೆಯದೇ ಪ್ರಾಯೋಗಿಕ ಪರೀಕ್ಷೆ ಇರುತ್ತೆ, ಬೀಜ, ಗೊಬ್ಬರ, ಉಪಕರಣ ಎಲ್ಲ ಸಾಲಾಗಿ ಇಟ್ಟು ಗುರುತಿಸಿ ಅಂತಾರೆ. ಸಾವೆ ಯಾವುದು, ನವಣೆ ಯಾವುದು ಅಂತ ನಾನು ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿ ಹೇಳುತ್ತಿದ್ದೆ! ಆದರೆ ಪರೀಕ್ಷೆಗೆ ಕೂರಬೇಕಾದರೆ ಮೊದಲು ಕೃಷಿಕರ ಕುಟುಂಬ ಅನ್ನುವ ಸರ್ಟಿಫಿಕೇಟು ಬೇಕು. ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇತ್ತು. ತಾತ ತೀರಿಕೊಂಡು ಹದಿನೈದು ವರ್ಷವಾಗಿತ್ತು. "ನಿಮ್ಮಪ್ಪನ ಹೆಸರಲ್ಲಿ ಜಮೀನೇ ಇಲ್ವಲ್ಲಮ್ಮ, ರೈತ ಅಂತ ಹೆಂಗೆ ಬರೆಯೋದು?" ಅಂದರು. ಎಂಬತ್ತು ಕುರಿ ಇವೆ ಸಾರ್ ಅಂದೆ. ಅವರು ನಕ್ಕರು. ಕೆಟ್ಟ ನಗೆಯಲ್ಲ ಅದು. ಅವರ ಕಂಪ್ಯೂಟರಿನಲ್ಲಿ ಕುರಿಗೆ ಖಾನೆ ಇರಲಿಲ್ಲ, ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಪಹಣಿ ಮತ್ತೆ ಬರುತ್ತೆ.

ಸೀಟು ಸಿಕ್ಕ ದಿನ ಹಟ್ಟಿಯಲ್ಲಿ ಬೆಲ್ಲ ಹಂಚಿದರು. ಮಾರನೇ ದಿನ ಲೆಕ್ಕ ಶುರುವಾಯಿತು. ಫೀಸಿನಲ್ಲಿ ಒಂದಿಷ್ಟು ಕಡಿತ ಸಿಕ್ಕರೂ ಹಾಸ್ಟೆಲ್ ಠೇವಣಿ, ಮೆಸ್ಸಿನ ಮುಂಗಡ, ಪುಸ್ತಕ, ಬಿಳಿ ಏಪ್ರನ್, ಗಮ್‌ಬೂಟು, ಅಂಗ ಕತ್ತರಿಸಿ ನೋಡುವ ಕ್ಲಾಸಿಗೆ ಡಿಸೆಕ್ಷನ್ ಬಾಕ್ಸು. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವುದೇ ಕಾಲೇಜು ಸೇರಿದ ಮೇಲೆ. ಸೇರುವುದಕ್ಕೆ ದುಡ್ಡು ಬೇಕು. ಇದನ್ನ ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ಅಪ್ಪ ಶಿರಾ ಸಂತೆಗೆ ಹೊಡೆದುಕೊಂಡು ಹೋದ. ನಾನೂ ಹೋಗಿದ್ದೆ. ಕುರಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ, ಟವೆಲ್ ಕೆಳಗೆ ಕೈಗೆ ಕೈ ಸೇರಿಸಿ ಬೆರಳು ಹಿಡಿದು ರೇಟು ಹೇಳುತ್ತಾರೆ. ಅಪ್ಪನ ಮುಖ ನೋಡಿಯೇ ನನಗೆ ಗೊತ್ತಾಯಿತು, ದಲ್ಲಾಳಿ ಹಿಡಿದ ಬೆರಳು ಕಮ್ಮಿ. ಅಡ್ಮಿಷನ್ನಿಗೆ ಇನ್ನು ಮೂರೇ ದಿನ ಅಂತ ಅಪ್ಪನೇ ಯಾರ ಹತ್ತಿರವೋ ಬಾಯಿ ಬಿಟ್ಟಿದ್ದ. ಅವಸರ ಇದ್ದವನ ಕುರಿಗೆ ರೇಟು ಬೀಳುತ್ತೆ ಅಂತ ಗೊತ್ತಿದ್ದೂ ಖುಷಿ ತಡೆಯಲಾಗದೆ ಹೇಳಿಬಿಟ್ಟಿದ್ದ. ಕೊಟ್ಟ ನಾಲ್ಕು ಹೆಣ್ಣಿನಲ್ಲಿ ಎರಡು ಗಬ್ಬದವು. ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರೂ ಮಾತಾಡಲಿಲ್ಲ.

ಕಾಲೇಜಿನಲ್ಲಿ ಮೊದಲ ತಿಂಗಳೇ ನೋಟಿಸ್ ಬೋರ್ಡಿನಲ್ಲಿ ಬಂತು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ನಾವು ಎಸ್‌ಎಸ್‌ಪಿ ಅನ್ನುವುದು. ಪ್ರವರ್ಗ-1ಕ್ಕೆ ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿರಬೇಕು. ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ನಂಬರು, ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರು, ಆಧಾರ್, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ. ಎಲ್ಲವೂ ನನ್ನ ಬ್ಯಾಗಿನಲ್ಲಿತ್ತು. ಸೈಬರಿನ ಹುಡುಗ ಎರಡು ನಿಮಿಷ ಟೈಪ್ ಮಾಡಿ ನನ್ನ ಕಡೆ ತಿರುಗಿದ. "ಅಕ್ಕ, ನೀವು ಈರಮ್ಮನೋ ವೀರಮ್ಮನೋ?"

ನಾನು ಈರಮ್ಮ. ಹುಟ್ಟಿದಾಗಿಂದ ಈರಮ್ಮ. ಅಜ್ಜಿಯ ಹೆಸರು ಅದು. ಶಾಲೆಯಲ್ಲಿ ಈರಮ್ಮ, ಮಾರ್ಕ್ಸ್ ಕಾರ್ಡಿನಲ್ಲಿ ಈರಮ್ಮ. ಆಧಾರ್ ಮಾಡಿಸುವ ದಿನ ಹಟ್ಟಿಗೆ ಬಂದಿದ್ದವನು ಓದಿಕೊಂಡವನು ನೋಡಿ, ಹಳ್ಳಿಯವರು ವೀರಮ್ಮ ಅನ್ನೋಕೆ ಬಾರದೆ ಈರಮ್ಮ ಅಂತಾರೆ ಅಂದುಕೊಂಡು ತಿದ್ದಿಬಿಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಮುಂದೆ ಒಂದು ‘ವಿ’ ಕೂತಿದೆ. ಅಷ್ಟು ವರ್ಷ ಆ ಕಾರ್ಡು ಕಬ್ಬಿಣದ ಪೆಟ್ಟಿಗೆಯಲ್ಲಿತ್ತು, ಯಾರೂ ಓದಿರಲಿಲ್ಲ. ಪೋರ್ಟಲ್ ಓದಿತು. ಆಧಾರಿನ ಹೆಸರು, ಎಸ್‌ಎಸ್‌ಎಲ್‌ಸಿ ಹೆಸರು ಹೊಂದುತ್ತಿಲ್ಲ ಅಂತ ಕೆಂಪು ಅಕ್ಷರದಲ್ಲಿ ಬಂತು.

ಇಲ್ಲಿ ನಾನು ಮಾಡಿದ ತಪ್ಪನ್ನ ನೀವು ಮಾಡಬೇಡಿ. ಮಾರ್ಕ್ಸ್ ಕಾರ್ಡನ್ನೇ ತಿದ್ದಿಸಿದರೆ ಆಯಿತು ಅಂತ ಒಬ್ಬರು ಹೇಳಿದರು, ಅದರ ಹಿಂದೆ ಮೂರು ವಾರ ಅಲೆದೆ. ಹತ್ತನೇ ಕ್ಲಾಸಿನ ಕಾರ್ಡೇ ಬುಡ, ಅದರ ಮೇಲೆ ಪಿಯುಸಿ, ಸಿಇಟಿ, ಈಗ ಕಾಲೇಜಿನ ನೋಂದಣಿ ಎಲ್ಲ ನಿಂತಿದೆ. ಅದನ್ನ ಮುಟ್ಟಿದರೆ ಮೇಲಿನದೆಲ್ಲ ಅಲ್ಲಾಡುತ್ತೆ. ತಿದ್ದಬೇಕಾದದ್ದು ಆಧಾರ್, ಅದಕ್ಕೆ ಆಧಾರವಾಗಿ ಕೊಡಬೇಕಾದದ್ದು ಇದೇ ಮಾರ್ಕ್ಸ್ ಕಾರ್ಡು. ಇದನ್ನ ಹೇಳಿದ್ದು ಸ್ಕಾಲರ್‌ಶಿಪ್ ಸೆಕ್ಷನ್ನಿನವರಲ್ಲ, ಪೋಸ್ಟ್ ಆಫೀಸಿನ ಆಧಾರ್ ಕೌಂಟರಿನಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬ ಆಟೋ ಡ್ರೈವರು. ಅವರ ಮಗನದ್ದೂ ಇದೇ ಕಥೆಯಂತೆ. ಐವತ್ತು ರೂಪಾಯಿ ಕಟ್ಟಿ ಬೆರಳು ಒತ್ತಿ ಬಂದೆ. ಹೆಸರನ್ನ ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಾಯಿಸಬಹುದಂತೆ, ಅದಕ್ಕೇ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿ ಒಂದೊಂದೇ ಅಕ್ಷರ ಓದಿಸಿದಳು.

ಆಧಾರ್ ಸರಿಯಾಯಿತು. ಆದರೆ ಬ್ಯಾಂಕಿನಲ್ಲಿ ನಾನಿನ್ನೂ ವೀರಮ್ಮ. ಆದಾಯ ಪತ್ರದಲ್ಲೂ ವೀರಮ್ಮ, ಯಾಕಂದರೆ ಅದನ್ನ ಆಧಾರ್ ನೋಡಿ ಕೊಟ್ಟಿದ್ದರು. ಮತ್ತೆ ನಾಡಕಚೇರಿ, ಮತ್ತೆ ಗ್ರಾಮ ಲೆಕ್ಕಿಗರು, ಮತ್ತೆ ಕಾಯುವುದು. ಕಾಲೇಜು ಇರುವುದು ಒಂದು ಜಿಲ್ಲೆ, ನಾಡಕಚೇರಿ ಇರುವುದು ಇನ್ನೊಂದು. ಒಂದು ದಿನ ರಜೆ ಹಾಕಿದರೆ ಅನಾಟಮಿ ಪ್ರಾಕ್ಟಿಕಲ್ ತಪ್ಪುತ್ತೆ, ಹಾಜರಿ ಶೇ. 75ಕ್ಕಿಂತ ಕೆಳಗೆ ಹೋಗುವಂತಿಲ್ಲ. ಹೊಸ ಆರ್‌ಡಿ ನಂಬರ್ ಕೈಗೆ ಬರುವ ಹೊತ್ತಿಗೆ ಆ ವರ್ಷದ ಅರ್ಜಿಯ ಬಾಗಿಲು ಮುಚ್ಚಿತ್ತು.

ಹೀಗೆ ಮೊದಲ ವರ್ಷದ ಸ್ಕಾಲರ್‌ಶಿಪ್ ಒಂದು ಅಕ್ಷರಕ್ಕೆ ಹೋಯಿತು. ಆರು ಕುರಿ ವಾಪಸ್ ಬರಲೇ ಇಲ್ಲ.

ಓದಿನ ಕಥೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಐದು ವರ್ಷ ಬರೀ ಕ್ಯೂನಲ್ಲಿ ನಿಂತಿದ್ದೆ ಅಂದುಕೊಳ್ಳುತ್ತೀರಿ. ಮೊದಲ ಅನಾಟಮಿ ಕ್ಲಾಸಿನಲ್ಲಿ ಸರ್ ಒಂದು ಎಲುಬು ಎತ್ತಿ ಹಿಡಿದು ಇದೇನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಗೊತ್ತಿತ್ತು. ಹಬ್ಬದಲ್ಲಿ ಅದೇ ಎಲುಬಿಗೆ ನಾನೂ ತಮ್ಮನೂ ಕಿತ್ತಾಡಿದ್ದೇವೆ. ಬಾಯಿಗೆ ಬಂದದ್ದು ‘ರಟ್ಟೆ ಎಲುಬು ಸಾರ್’. ಕ್ಲಾಸು ನಕ್ಕಿತು. ಸರ್ ನಗಲಿಲ್ಲ, ‘ಸರಿ, ಈಗ ಅದರ ಪುಸ್ತಕದ ಹೆಸರು ಕಲಿ’ ಅಂದರು. ಸ್ಕ್ಯಾಪುಲಾ. ಆ ವರ್ಷ ಪೂರ್ತಿ ನಾನು ಮಾಡಿದ್ದು ಅದೇ, ಗೊತ್ತಿರುವುದಕ್ಕೆಲ್ಲ ಪುಸ್ತಕದ ಹೆಸರು ಕಲಿಯುವುದು. ಅದೇ ದನ ಕೆಡವುವ ಪ್ರಾಕ್ಟಿಕಲ್ ಬಂದಾಗ ಹಗ್ಗದ ಗಂಟು ಹಾಕಲು ಎಲ್ಲರೂ ನನ್ನ ಹತ್ತಿರ ಬರುತ್ತಿದ್ದರು. ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನ, ಗದಗ, ಯಾವ ವೆಟರ್ನರಿ ಕಾಲೇಜಿಗೆ ಹೋದರೂ ಇಂಥವರು ಒಂದಿಬ್ಬರು ಇದ್ದೇ ಇರುತ್ತಾರೆ, ಹಿಂದಿನ ಬೆಂಚಿನಲ್ಲಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಹಟ್ಟಿಗೆ ವಾಪಸ್. ನೆಟ್‌ವರ್ಕ್ ಸಿಗುತ್ತಿದ್ದದ್ದು ಗುಡ್ಡದ ಮೇಲೆ ಮಾತ್ರ, ಕುರಿ ಮೇಯುತ್ತಿದ್ದದ್ದೂ ಅಲ್ಲೇ, ಹಾಗಾಗಿ ಒಂದು ಕೈಲಿ ಕೋಲು, ಇನ್ನೊಂದರಲ್ಲಿ ಫಿಸಿಯಾಲಜಿ. ಮೆಲುಕು ಹಾಕುವ ಪ್ರಾಣಿಯ ನಾಲ್ಕು ಹೊಟ್ಟೆಯ ಪಾಠ ಕೇಳುತ್ತಿದ್ದಾಗ ಎದುರಿಗೇ ಎಂಬತ್ತು ಚಿಲ್ಲರೆ ಹೊಟ್ಟೆ ಮೆಲುಕು ಹಾಕುತ್ತಾ ಕೂತಿದ್ದವು. ಎರಡನೇ ವರ್ಷದ ಅರ್ಜಿಯನ್ನ ಆ ಗುಡ್ಡದ ಮೇಲಿಂದಲೇ ಹಾಕಿದೆ. ಈ ಸಲ ಕೆಂಪು ಅಕ್ಷರ ಬರಲಿಲ್ಲ. ಒಪ್ಪಿಗೆಯೂ ಆಯಿತು. ಹಣ ಪಾವತಿಗೆ ಕಳಿಸಲಾಗಿದೆ ಅಂತ ತೋರಿಸಿತು. ತಿಂಗಳಾಯಿತು, ಎರಡಾಯಿತು, ಖಾತೆಯಲ್ಲಿ ಮಾತ್ರ ಅದೇ ಮುನ್ನೂರ ನಲವತ್ತು ರೂಪಾಯಿ.

ಇದು ಎರಡನೇ ಪಾಠ. ದುಡ್ಡು ನೀವು ಕೊಟ್ಟ ಪಾಸ್‌ಬುಕ್ಕಿನ ನಂಬರಿಗೆ ಹೋಗುವುದಿಲ್ಲ. ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತೆ. ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ. ನನ್ನ ಆಧಾರ್ ಜೋಡಣೆಯಾಗಿದ್ದದ್ದು ಎಂಟನೇ ಕ್ಲಾಸಿನಲ್ಲಿ ಶಾಲೆಯವರು ಸಾಲಾಗಿ ನಿಲ್ಲಿಸಿ ಮಾಡಿಸಿದ ಒಂದು ಸೊನ್ನೆ ಬ್ಯಾಲೆನ್ಸ್ ಖಾತೆಗೆ. ಅದನ್ನ ಯಾರೂ ಮುಟ್ಟದೆ ನಿದ್ದೆ ಹೋಗಿತ್ತು. ಬಂದ ದುಡ್ಡು ಬಾಗಿಲು ತಟ್ಟಿ ವಾಪಸ್ ಹೋಗಿತ್ತು. ಬ್ಯಾಂಕಿನವರು ಮೂರು ಸಲ ‘ಲಿಂಕ್ ಆಗಿದೆ ಹೋಗಮ್ಮ’ ಅಂದರು. ಆಗಿತ್ತು ನಿಜ, ಅವರ ಪುಸ್ತಕದಲ್ಲಿ. ಆಧಾರ್ ಲಿಂಕ್ ಬೇರೆ, ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರ ಖಾತೆಗೆ ಬೀಳುವುದಕ್ಕೆ, ಜೋಡಿಸುವುದು ಬೇರೆ. ಅದಕ್ಕೆ ಬೇರೆ ಫಾರಂ ಇದೆ, ಕೇಳಿ ಪಡೆಯಬೇಕು. ನಾಲ್ಕನೇ ಸಲ ನಾನು ಹೋದಾಗ ಹೊಸದಾಗಿ ಬಂದಿದ್ದ ಒಬ್ಬ ಹುಡುಗ ಆಫೀಸರು ಐದೇ ನಿಮಿಷದಲ್ಲಿ ಮಾಡಿಕೊಟ್ಟ. ಊಟದ ಹೊತ್ತಾಗಿತ್ತು, ಅವನ ಡಬ್ಬಿ ತೆರೆದೇ ಇತ್ತು.

ಮುಂದಿನ ಕಂತು ಬಂತು. ಅಪ್ಪನಿಗೆ ಫೋನ್ ಮಾಡಿ ಮೊತ್ತ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಕುರಿ ಆಯ್ತು" ಅಂದ.

ನನಗೆ ಮಾರಲು ಕುರಿ ಇದ್ದವು. ಇದನ್ನ ನಾನು ಅರ್ಥ ಮಾಡಿಕೊಂಡದ್ದು ನನ್ನ ರೂಮ್‌ಮೇಟನ್ನ ನೋಡಿ. ರಾಯಚೂರು ಜಿಲ್ಲೆಯವಳು, ಅಪ್ಪ ಅವ್ವ ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ಗಾರೆ ಕೆಲಸ. ಪರಿಶಿಷ್ಟ ಜಾತಿ, ಅವಳಿಗೆ ಬರಬೇಕಾದ ದುಡ್ಡು ನನಗಿಂತ ಜಾಸ್ತಿಯೇ. ಕಾಗದವೆಲ್ಲ ಸರಿಯಿತ್ತು, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಆದರೂ ಒಂದು ವರ್ಷ ತಡವಾಯಿತು. ಅಷ್ಟರೊಳಗೆ ಮೆಸ್ ಬಾಕಿ ಏರಿತು. ಬಾಕಿ ತೀರಿಸದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂದರು. ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಅವಳು ಬ್ಯಾಗ್ ತುಂಬುತ್ತಿದ್ದಳು. ಎಲ್ಲಿಗೆ ಅಂದರೆ ‘ಅವ್ವನ ಹತ್ರ ಹೋಗ್ತೀನಿ, ಕೆಲಸ ಐತಿ’ ಅಂದಳು. ನಾವು ರೂಮು ರೂಮಿಗೆ ಹೋಗಿ ದುಡ್ಡು ಕೂಡಿಸಿದೆವು, ಅರ್ಧ ಆಯಿತು. ಉಳಿದರ್ಧ ಯಾರು ಕಟ್ಟಿದರು ಅಂತ ಬಹಳ ದಿನ ಗೊತ್ತಾಗಲಿಲ್ಲ. ಒಬ್ಬ ಮೇಡಂ. ಅವರಿಗೆ ಇದನ್ನ ಬರೆದದ್ದು ಇಷ್ಟವಾಗುವುದಿಲ್ಲ, ಇಷ್ಟಕ್ಕೇ ಬಿಡುತ್ತೇನೆ. ಮುಂದೆ ಅವಳಿಗೆ ಬಾಕಿಯೆಲ್ಲ ಒಟ್ಟಿಗೆ ಬಂತು. ಅವತ್ತು ರಾತ್ರಿ ಅವಳು ರೂಮು ರೂಮಿಗೆ ಹೋಗಿ ಎಲ್ಲರಿಗೂ ವಾಪಸ್ ಕೊಟ್ಟಳು, ಯಾರು ಎಷ್ಟು ಕೊಟ್ಟಿದ್ದರು ಅಂತ ಬರೆದಿಟ್ಟಿದ್ದಳು. ಇಪ್ಪತ್ತು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿತ್ತು.

ಇನ್ನು ಪಹಣಿ. 2021ರಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿ ಆದ ತಕ್ಷಣ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ಘೋಷಿಸಿದರು. ಪಿಯುಸಿಯಿಂದ ಹಿಡಿದು ಸ್ನಾತಕೋತ್ತರದವರೆಗೆ, ವರ್ಷಕ್ಕೆ 2,500ರಿಂದ 11,000 ರೂಪಾಯಿ, ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಜಾಸ್ತಿ. ಇದರ ಚಂದ ಏನೆಂದರೆ ಬೇರೆ ಅರ್ಜಿಯೇ ಇರಲಿಲ್ಲ. ಅಪ್ಪ ಅಮ್ಮನಿಗೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತ ಅಂತ ಗುರುತಿನ ನಂಬರ್ ಇದ್ದರೆ ಸಾಕು, ಎಫ್‌ಐಡಿ ಅಂತಾರೆ, ತಾನಾಗಿಯೇ ಹೊಂದಿಸಿಕೊಂಡು ದುಡ್ಡು ಬರುತ್ತಿತ್ತು. ಆ ನಂಬರ್ ಸಿಗಬೇಕಾದರೆ ಪಹಣಿ ಬೇಕು. ಮತ್ತೆ ತಾತ ಅಡ್ಡ ಬಂದ.

ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋಣ ಅಂತ ಹೊರಟೆವು. ತಾತನ ಮರಣ ಪತ್ರ ಕೊಡಿ ಅಂದರು. ಹಟ್ಟಿಯಲ್ಲಿ ಸತ್ತವರನ್ನ ಯಾರು ಬರೆಸುತ್ತಾರೆ? ವರ್ಷ ದಾಟಿದ್ದಕ್ಕೆ ಕೋರ್ಟಿನ ಆದೇಶ ಬೇಕು ಅಂದರು. ವಕೀಲರು, ಸಾಕ್ಷಿಗೆ ಇಬ್ಬರು ಹಿರಿಯರು. ಜಡ್ಜ್ ಮುಂದೆ ನಿಂತ ನಮ್ಮ ದೊಡ್ಡಜ್ಜನನ್ನ ತಾತ ಸತ್ತದ್ದು ಯಾವಾಗ ಅಂತ ಕೇಳಿದರೆ, "ದೊಡ್ಡ ಬರ ಬಿತ್ತಲ್ಲ ಸ್ವಾಮಿ, ಕುರಿನೆಲ್ಲ ಮಲೆನಾಡಿಗೆ ಹೊಡಕೊಂಡು ಹೋಗಿದ್ವಲ್ಲ, ಆ ವರ್ಷ" ಅಂದ. ಅವನ ಮಟ್ಟಿಗೆ ಅದು ತಾರೀಖಿಗಿಂತ ಗಟ್ಟಿ. ಆದೇಶ ಸಿಕ್ಕ ಮೇಲೆ ವಂಶವೃಕ್ಷ. ಅದರಲ್ಲಿ ಚಿಕ್ಕಪ್ಪ, ಇಬ್ಬರು ಅತ್ತೆಯರು. ಚಿಕ್ಕಪ್ಪನಿಗೂ ಅಪ್ಪನಿಗೂ ಆ ಬೋರ್‌ವೆಲ್ ಕಾಲದಿಂದ ಮಾತಿರಲಿಲ್ಲ. ನಾನೇ ಹೋಗಿ ಚಿಕ್ಕಮ್ಮನ ಹತ್ತಿರ ಕೂತೆ. "ನಿನ್ನ ಓದಿಗೆ ಅಂದ್ರೆ ಹಾಕ್ತಾರೆ ಬಿಡವ್ವ" ಅಂದರು. ಚಿಕ್ಕಪ್ಪ ಬಂದು ಸಹಿ ಹಾಕಿದ, ಅಪ್ಪನ ಮುಖ ನೋಡಲಿಲ್ಲ. ಹೊರಗೆ ಬಂದು ಇಬ್ಬರೂ ಒಂದೇ ಅಂಗಡಿಯಲ್ಲಿ ಬೇರೆ ಬೇರೆ ಬೆಂಚಿನ ಮೇಲೆ ಕೂತು ಟೀ ಕುಡಿದರು. ದುಡ್ಡು ಮಾತ್ರ ಚಿಕ್ಕಪ್ಪನೇ ಕೊಟ್ಟ.

ರೈತ ಸಂಪರ್ಕ ಕೇಂದ್ರದಲ್ಲಿ ಅಪ್ಪನ ಬೆರಳಚ್ಚು ಮೂಡಲಿಲ್ಲ. ಕುರಿ ಉಣ್ಣೆ ಕತ್ತರಿಸಿ, ಹಗ್ಗ ಹೊಸೆದು ಬೆರಳಿನ ಗೆರೆಯೇ ಸವೆದಿದೆ. ಒರೆಸಿ, ಒದ್ದೆ ಮಾಡಿ, ಕೊನೆಗೆ ಎಡಗೈಯ ಉಂಗುರದ ಬೆರಳು ಹಿಡಿಯಿತು. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ವಕೀಲರ ಫೀಸು, ಬಸ್ಸು, ಊಟ, ಜೆರಾಕ್ಸು ಸೇರಿ ಮೂರು ಕುರಿ ಖರ್ಚಾಗಿತ್ತು. ರೈತ ವಿದ್ಯಾನಿಧಿಯಿಂದ ನನಗೆ ಬಂದದ್ದು ಒಂದು ಟಗರಿನ ಬೆಲೆ. ಲೆಕ್ಕದಲ್ಲಿ ಎರಡು ಕುರಿ ನಷ್ಟ. ಅಪ್ಪ ಮಾತ್ರ ಇದನ್ನ ನಷ್ಟ ಅಂತ ಒಪ್ಪುವುದಿಲ್ಲ, ಪಹಣಿಯನ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋ ಹಿಂದೆ ಇಟ್ಟಿದ್ದಾನೆ. ಆ ಯೋಜನೆಯನ್ನ ಆಮೇಲೆ ಕೃಷಿ ಕೂಲಿಯವರು, ನೇಕಾರರು, ಮೀನುಗಾರರು, ಆಟೋ ಟ್ಯಾಕ್ಸಿ ಓಡಿಸುವವರ ಮಕ್ಕಳಿಗೂ ವಿಸ್ತರಿಸಿದರು. ಒಳ್ಳೆಯದೇ. ಕುರಿ ಕಾಯುವವರಿಗೂ ಒಂದು ಖಾನೆ ಇಟ್ಟಿದ್ದರೆ ಏನು ಹೋಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ದನ ಕುರಿ ನೋಡಿಕೊಳ್ಳುವ ಡಾಕ್ಟರು ಬೇಕು ಅಂತಾರೆ, ಹಳ್ಳಿಯಲ್ಲಿ ಕೆಲಸ ಮಾಡುವವರೇ ಸಿಗಲ್ಲ ಅಂತಾರೆ. ಹಳ್ಳಿಯಲ್ಲಿ ಇರುವವರನ್ನ ರೈತರಲ್ಲ ಅಂತ ವಾಪಸ್ ಕಳಿಸುತ್ತಾರೆ.

ಆ ದುಡ್ಡು ಬಂದ ದಿನ ಚೆನ್ನಾಗಿ ನೆನಪಿದೆ. ನಾಲ್ಕನೇ ವರ್ಷ, ದನದ ಗರ್ಭ ಪರೀಕ್ಷೆಯ ಪ್ರಾಕ್ಟಿಕಲ್. ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು, ಕೈ ಪೂರ್ತಿ ಹಸುವಿನ ಹಿಂದೆ ಒಳಗೆ. ಮೇಡಂ ಪಕ್ಕದಲ್ಲಿ ನಿಂತು ‘ಏನು ಸಿಗುತ್ತಿದೆ ಹೇಳು’ ಅಂತಿದ್ದಾರೆ. ನನಗೆ ಬೆಚ್ಚಗಿನ ಸಗಣಿ ಬಿಟ್ಟು ಏನೂ ಸಿಗುತ್ತಿಲ್ಲ. ಏಪ್ರನ್ ಜೇಬಿನಲ್ಲಿ ಫೋನು ಟಿಣ್ ಅಂತು. ಯಾರದ್ದು ಅಂತ ಮೇಡಂ ಗದರಿದರು. ಕೈ ಹೊರಗೆ ತೆಗೆಯುವ ಹಾಗಿಲ್ಲ, ಆ ಹಸು ಬೇರೆ ತಿಣುಕುತ್ತಿತ್ತು, ನನ್ನ ಕೈ ಒಂದು ಸಲ ಮರಗಟ್ಟಿಯೇ ಹೋಯಿತು. ಆಗ ಬೆರಳ ತುದಿಗೆ ಏನೋ ಸಿಕ್ಕಿತು, ನೀರು ತುಂಬಿದ ಬಲೂನಿನ ಹಾಗೆ, ಒತ್ತಿದರೆ ಜಾರುತ್ತಿತ್ತು. ‘ಗಬ್ಬ ಮೇಡಂ, ಎರಡೂವರೆ ಮೂರು ತಿಂಗಳು’ ಅಂದೆ. ಸರಿ ಇತ್ತು. ಕೈ ತೊಳೆದು ಬಂದು ಮೆಸೇಜ್ ನೋಡಿದೆ. ಮೆಸೇಜಿನಲ್ಲಿ ಸರ್ಕಾರದ ಹೆಸರಿತ್ತು, ಮೊತ್ತ ಇತ್ತು. ನನ್ನ ಹೆಸರು ಇರಲಿಲ್ಲ, ಇದ್ದಿದ್ದರೆ ಈರಮ್ಮ ಅಂತ ಹೇಗೆ ಬರೆದಿದ್ದಾರೆ ನೋಡಬಹುದಿತ್ತು.

ಫೋನ್ ಮಾಡುವವರಿಗೆ ನಾನು ಹೇಳುವುದು ಇಷ್ಟು. ಪಿಯುಸಿ ಎರಡನೇ ವರ್ಷದಲ್ಲಿ ಇರುವಾಗಲೇ ಆಧಾರ್, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು, ಆದಾಯ ಪತ್ರ ನಾಲ್ಕನ್ನೂ ನೆಲದ ಮೇಲೆ ಪಕ್ಕ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಅಪ್ಪನ ಹೆಸರನ್ನೂ, ಇನಿಷಿಯಲ್ಲನ್ನೂ. ಆದಾಯ ಪತ್ರಕ್ಕೆ ಐದು ವರ್ಷ ಆಯಸ್ಸು, ನಮ್ಮ ಕೋರ್ಸು ಐದೂವರೆ ವರ್ಷ, ನಡುವೆ ಒಂದು ಸಲ ಹೊಸದು ಮಾಡಿಸಲೇಬೇಕು, ಮರೆಯಬೇಡಿ. ಕಾಲೇಜಿನವರು ನಿಮ್ಮ ನೋಂದಣಿ ಮತ್ತು ಫೀಸಿನ ವಿವರ ಪೋರ್ಟಲಿಗೆ ಏರಿಸಿದ್ದಾರಾ ಅಂತ ಹೋಗಿ ಕೇಳಿ. ಬೈದರೆ ಬೈಸಿಕೊಳ್ಳಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ನನ್ನ ಬ್ಯಾಚಿನವರಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಬರುತ್ತಿತ್ತು. ಮಾರಲು ಏನೂ ಇಲ್ಲದವರು ದೇವರಾಜ ಅರಸು ನಿಗಮದ ಅರಿವು ಸಾಲ ನೋಡಿ. ವರ್ಷಕ್ಕೆ ಒಂದು ಲಕ್ಷದವರೆಗೆ, ಬಡ್ಡಿ ಶೇ. 2, ಬಿ.ವಿ.ಎಸ್‌ಸಿ ಅದರ ಪಟ್ಟಿಯಲ್ಲಿದೆ. ಸಾಲ ಅಂದರೆ ಅಪ್ಪಂದಿರು ಹೆದರುತ್ತಾರೆ, ನಮ್ಮಪ್ಪನೂ ಹೆದರಿದ, ಅದಕ್ಕೇ ನಾನು ತೆಗೆದುಕೊಳ್ಳಲಿಲ್ಲ. ಈಗ ಲೆಕ್ಕ ಹಾಕಿದರೆ ಅವಸರಕ್ಕೆ ಮಾರಿದ ಗಬ್ಬದ ಕುರಿಗಿಂತ ಅದು ಅಗ್ಗವಾಗುತ್ತಿತ್ತು.

ಹೋದ ವಾರ ನಮ್ಮ ಹಟ್ಟಿಯದೇ ಇನ್ನೊಬ್ಬಳು ಬಂದಿದ್ದಳು, ಪಿಯುಸಿ ವಿಜ್ಞಾನ, ಸರ್ಕಾರಿ ಕಾಲೇಜು. ಹತ್ತನೇ ಕ್ಲಾಸು ಪಿಯುಸಿ ಎರಡನ್ನೂ ಸರ್ಕಾರಿಯಲ್ಲೇ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನವರು ವರ್ಷಕ್ಕೆ 30,000 ಕೊಡುತ್ತಾರಲ್ಲ, ಅದನ್ನ ಕೇಳೋಕೆ ಬಂದಿದ್ದಳು. ನನ್ನ ಕಾಲಕ್ಕೆ ಅದು ಇರಲಿಲ್ಲ, ಹೊಟ್ಟೆಕಿಚ್ಚಾಯಿತು ನಿಜ. ಕಾಗದ ತೆಗಿ ಅಂದೆ. ನಾಲ್ಕನ್ನೂ ನೆಲದ ಮೇಲೆ ಇಟ್ಟೆವು. ಮಾರ್ಕ್ಸ್ ಕಾರ್ಡಿನಲ್ಲಿ ‘ಸಣ್ಣೀರಮ್ಮ’ ಅಂತ ಒಂದೇ ಪದ. ಆಧಾರಿನಲ್ಲಿ ‘ಸಣ್ಣ ವೀರಮ್ಮ’.

ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ನಾಳೆ ಅವಳನ್ನ ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಬೇಕು. ದಿನಕ್ಕೆ ಕೊಡುವುದು ಇಪ್ಪತ್ತೈದೇ ಟೋಕನ್, ಆರೂವರೆಯ ಬಸ್ಸಿಗೇ ಹೊರಡಬೇಕು.